ಮೂಸದೆ ಬಿಟ್ಟ ಸೀಸೆ

ಇವತ್ತು ಭಾನುವಾರ. ಬೆಳಗಿನಿಂದ ಮಧ್ಯಾಹ್ನದೊಳಗೆ ಮಾಡಿದ ಕೆಲಸ ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿ, ನಿನ್ನೆಯ ಕೆನೆಯನ್ನು ಡಬ್ಬಿಗೆ ಬಳಿದೆ. ನಮ್ಮ ಮನೆಯವರಿಗೆ ಉಪ್ಪಿಟ್ಟು, ಅತ್ತೆಗೆ ಗಂಜಿ. ಮಿಲ್ಲಿನಿಂದ ಬಂದ ರಾಗಿ ಹಿಟ್ಟನ್ನು ಆರಹಾಕಿ, ಜರಡಿ ಹಿಡಿದು ಡಬ್ಬಕ್ಕೆ ತುಂಬಿದೆ. ಅಲಸಂದೆ ಕಾಳು ನೆನೆಹಾಕಿದೆ. ಎರಡು ದಿಂಬಿನ ಕವರು, ನಾಲ್ಕು ಷರಟಿನ ಕಾಲರು ಉಜ್ಜಿದೆ. ಅತ್ತೆಯ ಬಿ.ಪಿ. ಮಾತ್ರೆ ಮುಗಿದಿತ್ತು, ಅಂಗಡಿಗೆ ಹೋಗಿ ಕೊಂಡುಬಂದೆ. ಬರುವಾಗ, ಪಕ್ಕದ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದ ಜೆಸಿಬಿ ಮಣ್ಣಿನ ಜೊತೆ ಎತ್ತಿ ಹಾಕಿದ್ದ ಒಂದು ಹಳೆಯ ಗಾಜಿನ ಸೀಸೆ ಕಣ್ಣಿಗೆ ಬಿತ್ತು. ಸುಮ್ಮನೆ ಬರಬಹುದಿತ್ತು. ಎತ್ತಿಕೊಂಡು ಬಂದೆ. ಹಿತ್ತಿಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮರಳು, ಹುಣಸೆಹಣ್ಣು, ಬಿಸಿನೀರು ಹಾಕಿ ಅದನ್ನು ತೊಳೆದೆ. ಪಕ್ಕದ ಕಲ್ಲಿನ ಮೇಲೆ ಅತ್ತೆ ದಂಟಿನ ಸೊಪ್ಪು ಸೋಸುತ್ತಾ ಕೂತಿದ್ದಳು. ಆಮೇಲೆ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಬರೆಯುವುದಕ್ಕೇ ಈಗ ಕೂತಿದ್ದೇನೆ. ಆದರೆ ಅದನ್ನು ಹೇಳಬೇಕಾದರೆ ನಾನು ಹುಟ್ಟಿ ಬೆಳೆದ ಮನೆಯನ್ನು ಮೊದಲು ಹೇಳಬೇಕು.

ಅತ್ತೆ ಅಂದರೆ ಗಂಡನ ತಾಯಿಯಲ್ಲ. ಅಪ್ಪನ ಅಕ್ಕ, ನನ್ನ ಸೋದರತ್ತೆ ತಾಯಮ್ಮ. ಎಪ್ಪತ್ತೆಂಟಾಗಿದೆ. ಮೂರು ವರ್ಷದಿಂದ ಹುಣಸೂರಿನ ನಮ್ಮ ಮನೆಯಲ್ಲಿದ್ದಾಳೆ. ಅದಕ್ಕೆ ಮುಂಚೆ ಅವಳಿದ್ದದ್ದು ನಮ್ಮೂರಿನ ಮನೆಯಲ್ಲೇ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಾಯಿಸಿ ಅಂತರಸಂತೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆ ದೊಡ್ಡದಲ್ಲ. ಮುಂದೆ ಜಗುಲಿ, ಒಳಗೆ ನಡುಮನೆ, ಎಡಕ್ಕೆ ಅಡುಗೆ ಕೋಣೆ, ಬಲಕ್ಕೆ ದನದ ಕೊಟ್ಟಿಗೆ. ದನಕ್ಕೂ ನಮಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೆ. ಊಟಕ್ಕೆ ಕೂತರೆ ಎಮ್ಮೆ ಗೋಡೆಯ ಮೇಲಿಂದ ಮೂತಿ ಇಟ್ಟು ನೋಡುತ್ತಿತ್ತು. ಹಿಂದಿನ ಗೋಡೆಗೆ ತಾಗಿಸಿ ಅಪ್ಪ ಇಳಿಸಿದ್ದ ಒಂದು ಸೋಗೆಯ ಮಾಡು ಇತ್ತು. ಅದು ಅತ್ತೆಯದು. ಅಲ್ಲಿ ಅವಳ ಒಲೆ, ಅವಳ ಬಾಣಲೆ, ಅವಳ ಚಾಪೆ. ಪಿರಿಯಾಪಟ್ಟಣದ ಕಡೆಗೆ ಅವಳನ್ನು ಕೊಟ್ಟಿದ್ದರಂತೆ. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನ, ಅತ್ತೆ ಅವರಿಬ್ಬರಿಗೂ ಬಡಿಸಿ, ಪಾತ್ರೆ ತೊಳೆದು, ತವರಿನವರು ಕೊಟ್ಟಿದ್ದ ಕಬ್ಬಿಣದ ಬಾಣಲೆಯೊಂದನ್ನು ತಲೆ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದಳು. ಊರಿನವರು ಅವಳನ್ನು 'ಗಂಡನ್ ಬುಟ್ಟೋಳು' ಅನ್ನುತ್ತಿದ್ದರು. ಬಿಟ್ಟವನು ಅವನು, ಹೆಸರು ಬಂದದ್ದು ಇವಳಿಗೆ.

ಆ ಬಾಣಲೆಯಲ್ಲೇ ಅತ್ತೆ ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದಳು. ಕೊಬ್ಬರಿ ಎಣ್ಣೆ, ಒಸಿ ಹರಳೆಣ್ಣೆ, ಗದ್ದೆ ಬದುವಿನ ಗರುಗದ ಸೊಪ್ಪು, ಒಂದೆಲಗ, ದಾಸವಾಳದ ಎಲೆ, ಮೆಂತ್ಯ. ಸೊಪ್ಪಿನ ನೀರು ಸಿಡಿಯುವುದು ನಿಂತು, ಎಣ್ಣೆಯ ಮೇಲಿನ ನೊರೆ ತಾನೇ ಕುಗ್ಗಿದಾಗ ಬಾಣಲೆ ಇಳಿಸಬೇಕು. ಒಂದು ಗಳಿಗೆ ಮುಂಚೆ ಇಳಿಸಿದರೆ ಎಣ್ಣೆ ಹಳಸುತ್ತದೆ, ಒಂದು ಗಳಿಗೆ ತಡವಾದರೆ ಸೀದ ವಾಸನೆ. ಅತ್ತೆ ಅದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದಳು. ಊರಿನ ಹೆಂಗಸರು ತಮ್ಮ ತಮ್ಮ ಸೀಸೆ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಚಳಿಗಾಲದಲ್ಲಿ ಬೈಲಕುಪ್ಪೆಯಿಂದ ಸ್ವೆಟರಿನ ಗಂಟು ಹೊತ್ತು ಬರುತ್ತಿದ್ದ ಒಬ್ಬ ಟಿಬೆಟ್ಟಿನ ಹೆಂಗಸು ಜಗುಲಿಯಲ್ಲಿ ಕೂತು, ಜಡೆ ಬಿಚ್ಚಿ, ಅಲ್ಲೇ ಅಂಗೈ ತುಂಬ ಹಾಕಿಸಿಕೊಂಡು ಉಜ್ಜಿಸಿಕೊಳ್ಳುತ್ತಿದ್ದಳು. ಎಲ್ಲರ ಬಾಯಲ್ಲೂ ಒಂದೇ ಮಾತು: ತಾಯಮ್ಮನ ಕೈಗುಣ. ಎಣ್ಣೆ ಯಾರು ಬೇಕಾದರೂ ಕಾಯಿಸಬಹುದು, ಕೂದಲು ಬರುವುದು ಕೈಗುಣಕ್ಕೆ ಅನ್ನುತ್ತಿದ್ದರು. ಆ ಮಾತು ಕೇಳಿದಾಗ ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಮ್ಮವ್ವನಿಗೂ ಅವಳಿಗೂ ದಿನಕ್ಕೊಂದು ಜಗಳ ಇದ್ದೇ ಇರುತ್ತಿತ್ತು. ಸೌದೆ ಯಾರದು, ಒನಕೆ ಯಾರು ಮಳೆಗೆ ಬಿಟ್ಟರು, ಹೀಗೆ. ಆದರೆ ಎಣ್ಣೆಯ ವಿಷಯಕ್ಕೆ ಅವ್ವನೂ ಬಾಯಿ ಹಾಕುತ್ತಿರಲಿಲ್ಲ. ಆ ಮನೆಯಲ್ಲಿ ಅತ್ತೆಗೆ ಒಂದು ಜಾಗ ಇದ್ದರೆ, ಅದು ಆ ಬಾಣಲೆ ಕೊಟ್ಟ ಜಾಗ.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಹಿತ್ತಿಲ ಕೊನೆಯಲ್ಲಿ ಹೊಸ ತಿಪ್ಪೆಗುಂಡಿ ತೋಡಿದ. ಮೊಣಕಾಲುದ್ದ ಹೋಗುತ್ತಲೂ ಹಾರೆಗೆ 'ಠಣ್' ಎಂದು ಸಿಕ್ಕಿತು. ಕಲ್ಲು ಅಂದುಕೊಂಡ ಅಪ್ಪ ಕೈಹಾಕಿ ಎಳೆದರೆ ಸೀಸೆ. ಅದರ ಹಿಂದೆ ಇನ್ನೊಂದು. ಸಂಜೆಯೊಳಗೆ ಇಪ್ಪತ್ತಕ್ಕೂ ಮೇಲೆ ಸೀಸೆಗಳು ಬದುವಿನ ಮೇಲೆ ಮಲಗಿದ್ದವು. ಕಂದು ಬಣ್ಣದವು, ಹಸಿರಿನವು, ಬಿಳಿಯವು, ಒಂದು ತಿಳಿನೀಲಿಯದು. ಕೆಲವಕ್ಕೆ ಮೈಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ. ಅಪ್ಪನೇ ಹೇಳಿದ: ಅವನ ತಾತನ ಕಾಲದಲ್ಲಿ ಅಲ್ಲಿ ಮರದ ಡಿಪೋ ಇತ್ತಂತೆ, ಕಾಕನಕೋಟೆ ಕಾಡಿನ ದಿಮ್ಮಿಗಳನ್ನು ಆನೆಗಳು ಎಳೆದುತಂದು ಹಾಕುತ್ತಿದ್ದವಂತೆ, ಆನೆಗಳ ಕಾಲಿಗೆ, ಗಾಯಕ್ಕೆ ಔಷಧಿ ಹಚ್ಚುವ ಒಬ್ಬ ವೈದ್ಯನ ಗುಡಿಸಲು ನಮ್ಮ ಹಿತ್ತಿಲಿನ ಮೂಲೆಯಲ್ಲೇ ಇತ್ತಂತೆ. ಅವ್ವ ಮೂಗು ಮುರಿದಳು.

"ಸತ್ತ ಸೀಸೆನೆಲ್ಲ ಯಾಕ್ ಒಳಕ್ ತತ್ತೀಯೆ ಅತ್ಗೆ? ಯಾರ್ ಎಂಜ್ಲೋ, ಯಾವ್ ಆನೆ ಕೀವೋ."

"ಗಾಜಿಗೆ ಎಂಜ್ಲಿಲ್ಲ ಕಣ್ ಬುಡು," ಎಂದಳು ಅತ್ತೆ. "ತೊಳ್ದೋರ್ದು ಗಾಜು."

ಅವಳಿಗೆ ಸೀಸೆ ಬೇಕಾಗಿತ್ತು. ನಮ್ಮ ತಾಲ್ಲೂಕು ಊರಾದ ಕೋಟೆಯ ಸಂತೆಯಲ್ಲಿ, ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲಿ ಎಣ್ಣೆ ಇಡಬೇಕಾದರೆ ಸೀಸೆಗೆ ತುಂಬಿ, ಬಿರಡೆ ಹಾಕಿ ಕೊಡಬೇಕಿತ್ತು. ಮಣ್ಣೊಳಗಿನಿಂದ ಬಂದ ಗಾಜು ಅವಳಿಗೆ ಬಾಗಿಲಿಗೆ ಬಂದ ಅದೃಷ್ಟದ ಹಾಗೆ ಕಂಡಿರಬೇಕು. ಆದರೆ ಅದೃಷ್ಟ ಅಂತ ಆತುರ ಮಾಡಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೆರಡು ದಿನ ಆ ಸೀಸೆಗಳನ್ನು ತೊಳೆದಳು. ಒಂದು ಕೆಲಸವನ್ನು ಹೇಗೆ ಮಾಡಬೇಕು ಅನ್ನುವುದನ್ನು ನಾನು ಕಲಿತದ್ದೇ ಆ ಹನ್ನೆರಡು ದಿನಗಳಲ್ಲಿ. ಮೊದಲು ಎರಡು ದಿನ ಕಲ್ಲುಬಾನಿಯಲ್ಲಿ ಬೂದಿ ನೀರಿನಲ್ಲಿ ನೆನೆಯಬೇಕು; ಒಣಗಿದ ಮಣ್ಣನ್ನು ಕೆರೆದರೆ ಗಾಜಿಗೆ ಗೀರು ಬೀಳುತ್ತದೆ. ಆಮೇಲೆ ಒಳಗಿನ ಕೆಲಸ. ಹೊಳೆಯ ದಪ್ಪ ಮರಳು ಒಂದು ಹಿಡಿ, ಕಿವುಚಿದ ಹುಣಸೆಹಣ್ಣು, ಬೆಚ್ಚಗಿನ ನೀರು ಹಾಕಿ, ಬಾಯಿಗೆ ಅಂಗೈ ಒತ್ತಿ, ಮೊಸರು ಕಡೆದ ಹಾಗೆ ಒಂದೇ ಲಯದಲ್ಲಿ ಅಲುಗಿಸಬೇಕು. ಮೂಲೆಯ ಕೊಳೆಗೆ ಕಡ್ಡಿಯ ತುದಿಗೆ ತೆಂಗಿನ ನಾರು ಕಟ್ಟಿ ತಿರುವಬೇಕು. ಸುಣ್ಣದ ಹಾಗೆ ಬೆಳ್ಳಗೆ ಕಟ್ಟಿದ ಕಲೆಗೆ ಮೂರು ದಿನದ ಹುಳಿ ಮಜ್ಜಿಗೆ ತುಂಬಿಡಬೇಕು. ತುಕ್ಕಿನ ಕೆಂಪಿಗೆ ನಿಂಬೆಹಣ್ಣಿನ ಸಿಪ್ಪೆ. ಮೊದಲ ನೀರನ್ನು ಗಿಡದ ಬುಡಕ್ಕೂ ಚೆಲ್ಲಬಾರದು, ದನದ ಬಾನಿಯ ಹತ್ತಿರವೂ ಚೆಲ್ಲಬಾರದು, ಗುಂಡಿಗೇ ಸುರಿಯಬೇಕು. ಎರಡು ಸೀಸೆಗಳ ಮೈಮೇಲೆ ನವಿಲಿನ ಕತ್ತಿನ ಹಾಗೆ ನೀಲಿ, ಹಸಿರು, ಕೆಂಪು ಮಿಂಚುತ್ತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ನಾನು ಅಳುವ ಹಾಗಾದೆ.

"ಅದು ಕೊಳೆ ಅಲ್ಲ ಕಣಮ್ಮಿ," ಎಂದಳು ಅತ್ತೆ. "ಗಾಜಿಗೆ ವಯಸ್ಸಾಗದೆ. ನಿಮ್ಮಜ್ಜಿ ಮೊಕದ್ ಸುಕ್ಕ ಉಜ್ಜುದ್ರೆ ಓದದಾ?"

ಕೊನೆಯದು ಮೂಸುವ ಕೆಲಸ. ತೊಳೆದ ಸೀಸೆಗಳನ್ನು ಬಿದಿರಿನ ಗೂಟಗಳಿಗೆ ಬೋರಲು ಸಿಕ್ಕಿಸಿ ಬಿಸಿಲಿಗೆ ಒಣಗಿಸಿ, ಕಾದಿರುವಾಗಲೇ ಬಿರಡೆ ಹಾಕಿ, ಅಷ್ಟು ಹೊತ್ತು ಬಿಟ್ಟು, ಬಿರಡೆ ತೆಗೆದ ತಕ್ಷಣ ಮೂಗಿಟ್ಟು ನೋಡಬೇಕು. ಕಣ್ಣಿಗೆ ಎಷ್ಟು ಹೊಳೆದರೂ, ಏನಾದರೂ ವಾಸನೆ ಬಂತೋ, ಆ ಸೀಸೆಗೆ ಎಣ್ಣೆ ತುಂಬುವ ಹಾಗಿಲ್ಲ. ಮತ್ತೆ ತೊಳೆದು, ಮತ್ತೆ ಒಣಗಿಸಿ, ಮತ್ತೆ ಮೂಸಬೇಕು. ಮೂರನೇ ಸಲವೂ ವಾಸನೆ ಇದ್ದರೆ ಅದನ್ನು ಒಡೆದು ಮಣ್ಣಿಗೇ ಹಾಕಬೇಕು. ಒಡೆಯುವುದು ಯಾಕೆ ಅಂದರೆ, ಇನ್ಯಾರೂ ಎತ್ತಿಕೊಳ್ಳಬಾರದು ಅಂತ. ಇಷ್ಟು ವರ್ಷ ಎಣ್ಣೆಯ ಹೊಗೆ ಕುಡಿದು ಅತ್ತೆಯ ಮೂಗು ಮಂಕಾಗಿತ್ತು. ಅದಕ್ಕೇ ಆ ಕೆಲಸ ನನ್ನ ಪಾಲಿಗೆ ಬಂತು.

"ನಿಂದು ನಾಯ್ ಮೂಗು ಕಣೇ ಬಾಗೀ," ಅನ್ನುತ್ತಿದ್ದಳು. "ಪಕ್ಕದ್ ಬೀದೀಲಿ ಒಗ್ಗರಣೆ ಹಾಕುದ್ರೆ ಎಳ್ಳೆಣ್ಣೆನೋ ಕಡ್ಲೆಕಾಯ್ ಎಣ್ಣೆನೋ ಏಳ್ತೀಯ. ನೀ ಊಂ ಅಂದ್ರೆ ತುಂಬದು, ಉಹೂಂ ಅಂದ್ರೆ ಒಡ್ಯದು."

ಹತ್ತು ವರ್ಷದ ಹುಡುಗಿಯ ಮಾತಿಗೆ ಮನೆಯಲ್ಲಿ ಮತ್ಯಾರೂ ಅಷ್ಟು ತೂಕ ಕೊಟ್ಟಿರಲಿಲ್ಲ. ಮೊದಲ ವಾರ ನಾನು ಉಹೂಂ ಅಂದ ಐದು ಸೀಸೆಗಳನ್ನು ಅತ್ತೆ ಮರುಮಾತಿಲ್ಲದೆ ಒಡೆದಳು.

ಆಗಲೇ ಊರಿನ ಅಂಗಡಿ ಶಿವಣ್ಣನವರ ಮಗಳು ಗಿರಿಜಕ್ಕನ ಮದುವೆ ಗೊತ್ತಾದದ್ದು. ಗಂಡು ಕೆ.ಆರ್. ನಗರದ ಕಡೆಯವರು. ಗಿರಿಜಕ್ಕನ ತಾಯಿ ಪಾರ್ವತಮ್ಮ ಒಂದು ಬೆಳಿಗ್ಗೆ ಅತ್ತೆಯ ಮಾಡಿನ ಹತ್ತಿರವೇ ಬಂದು, ಹನ್ನೆರಡು ಸೀಸೆ ಎಣ್ಣೆ ಬೇಕು ಅಂದರು. ಹನ್ನೊಂದು, ಬೀಗರ ಕಡೆಯ ಹೆಂಗಸರಿಗೆ ಬಳೆ ಕುಂಕುಮದ ಜೊತೆ ಮಡಿಲಿಗೆ ಇಡುವುದಕ್ಕೆ. ಒಂದು, ಮದುಮಗಳಿಗೆ ಶಾಸ್ತ್ರದ ಎಣ್ಣೆ ಹಚ್ಚುವುದಕ್ಕೆ. ಅತ್ತೆ ತಡವರಿಸಿದಳು.

"ಶಾಸ್ತ್ರುಕ್ಕೆ ನನ್ ಎಣ್ಣೆ ಯಾಕ್ ಅಮ್ಮಾವ್ರೇ? ಯಾರಾರ ಏನಾರ ಅಂದಾರು."

"ಅಂದೋರ್ ತಲೆಗೆ ನಾನೇನ್ ಎಣ್ಣೆ ಹಚ್ಚಕ್ಕೋಗಲ್ಲ," ಎಂದರು ಪಾರ್ವತಮ್ಮ. "ನನ್ ಮಗಳ ಜಡೆ ಬೆಳೆದಿದ್ದೇ ನಿನ್ ಎಣ್ಣೇಲಿ. ಸುಮ್ನೆ ಕಾಯ್ಸು."

ಆ ದಿನ ಅತ್ತೆ ನಡೆದ ನಡಿಗೆಯೇ ಬೇರೆ. ನಮ್ಮವ್ವ ಕೂಡ ಕೇಳದೆಯೇ ತನ್ನ ಸೌದೆಯಲ್ಲಿ ಒಂದು ಹೊರೆ ತಂದು ಅವಳ ಒಲೆಯ ಪಕ್ಕ ಹಾಕಿದಳು. ಊರಿನ ಯಾವ ಶಾಸ್ತ್ರಕ್ಕೂ ಕರೆಯದಿದ್ದವಳ ಎಣ್ಣೆ ಮದುವೆಯ ಮನೆಯ ಒಳಗೆ, ಮದುಮಗಳ ನೆತ್ತಿಯ ಮೇಲೆ ಹೋಗುವುದಿತ್ತು.

ಎಣ್ಣೆ ತುಂಬುವ ದಿನ ನನಗೆ ನೆಗಡಿ. ಹಿಂದಿನ ದಿನ ಕೆರೆಯಲ್ಲಿ ಹೊರಳಾಡಿ ಬಂದು ತಂದುಕೊಂಡ ನೆಗಡಿ. ಮೂಗು ಎರಡೂ ಕಡೆ ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತಿದ್ದೆ. ಹೇಳಬಹುದಿತ್ತು. ಹೇಳಿದರೆ, ಮೊದಲನೆಯದಾಗಿ, ಅವ್ವ ನನ್ನನ್ನು ಚಪ್ಪರದ ದಿನದ ಊಟಕ್ಕೆ ಕಳಿಸುತ್ತಿರಲಿಲ್ಲ. ಮೆಣಸಿನ ಕಷಾಯ ಕುಡಿಸಿ ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಎರಡನೆಯದಾಗಿ, 'ನಾಯಿ ಮೂಗು' ಅನ್ನಿಸಿಕೊಂಡವಳಿಗೆ ಮೂಗು ಕಟ್ಟಿದೆ ಅನ್ನುವುದಕ್ಕೆ ನಾಚಿಕೆಯಾಯಿತು. ಬಿಸಿಲಿನಲ್ಲಿ ಕಾದ ಸೀಸೆಗಳ ಬಿರಡೆ ಒಂದೊಂದಾಗಿ ತೆಗೆದು ಮೂಗಿಟ್ಟೆ. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಹನ್ನೆರಡನೆಯದು ಎಲ್ಲಕ್ಕಿಂತ ಚೆಂದದ್ದು: ಗುಂಡು ಹೊಟ್ಟೆ, ಸಣ್ಣ ಕತ್ತು, ತಿಳಿನೀಲಿ ಗಾಜು. ಎರಡು ಸಲ ವಾಸನೆ ಬಂದು ಮತ್ತೆ ತೊಳೆದಿದ್ದ ಸೀಸೆ ಅದು. ಭುಜದ ಒಳಬದಿಯಲ್ಲಿ ಉಗುರಿನ ಅಂಚಿನಷ್ಟು ಅಗಲದ ಒಂದು ಹಳದಿ ಗೆರೆ ಇನ್ನೂ ಉಳಿದಿತ್ತು. ನಾನು ಅದನ್ನು ನೋಡಿದೆ. ನವಿಲುಬಣ್ಣದ ಹಾಗೆ ಇದೂ ಗಾಜಿನದೇ ಇರಬೇಕು ಅಂದುಕೊಂಡೆ. ಅಂದುಕೊಂಡೆ ಅನ್ನುವುದು ಈಗ ಬರೆಯುವಾಗಿನ ಮಾತು. ಆಗ ನನಗೆ ಆ ಸೀಸೆ ಒಡೆಯುವುದು ಇಷ್ಟವಿರಲಿಲ್ಲ, ಅಷ್ಟೆ.

"ಮೂಸ್ದೇನವ್ವ?" ಅತ್ತೆ ಬಾಣಲೆಯ ಹತ್ತಿರದಿಂದ ಕೇಳಿದಳು.

"ಊಂ."

"ನೀಲೀದು?"

"ಊಂ. ಏನೂ ಬತ್ತಿಲ್ಲ ಕಣತ್ತೆ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಿಜವಾಗಿಯೂ ಏನೂ ಬರುತ್ತಿರಲಿಲ್ಲ. ಅತ್ತೆ ತುಂಬಿದಳು. ಚೆಂದದ್ದು ಅಂತ ಆ ನೀಲಿ ಸೀಸೆಯನ್ನೇ ಮದುಮಗಳಿಗೆಂದು ಬೇರೆ ಇಟ್ಟು, ಕತ್ತಿಗೆ ಒಂದು ಅರಿಸಿನದ ದಾರ ಕಟ್ಟಿದಳು.

ಚಪ್ಪರದ ಊಟಕ್ಕೆ ಹೋಗಿದ್ದೆ. ಏನು ಉಂಡೆನೋ ನೆನಪಿಲ್ಲ. ಮಾರನೇ ದಿನ ಬೆಳಿಗ್ಗೆ ಶಿವಣ್ಣನವರ ತಂಗಿ, ಹಿಂದೆ ನಾಲ್ಕಾರು ಹೆಂಗಸರು, ನಮ್ಮ ಜಗುಲಿಯ ಮುಂದೆ ನಿಂತಿದ್ದು ನೆನಪಿದೆ. ಶಾಸ್ತ್ರದ ಎಣ್ಣೆ ಹಚ್ಚಿದ ಮೇಲೆ ರಾತ್ರಿಯೆಲ್ಲ ಗಿರಿಜಕ್ಕ ನೆತ್ತಿ ಉರಿ ಅಂತ ಹೊರಳಾಡಿದ್ದಳಂತೆ. ಬೆಳಗಾಗುವುದರೊಳಗೆ ಹಣೆಯ ಅಂಚಿಗೆಲ್ಲ ಬೊಬ್ಬೆ, ರೆಪ್ಪೆ ಊದಿ ಕಣ್ಣು ಬಿಡಲಾರದ ಹಾಗೆ. ಬಾಚಿದರೆ ಬಾಚಣಿಗೆಗೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿತ್ತು. ಧಾರೆಗೆ ಎರಡು ಗಳಿಗೆ ಇತ್ತು.

"ನೋಡ್ರವ್ವ," ಎಂದಳು ಶಿವಣ್ಣನವರ ತಂಗಿ, ಬೀದಿಗೆಲ್ಲ ಕೇಳುವ ಹಾಗೆ. "ಗಂಡನ್ ಬುಟ್ ಬಂದೋಳ ಕೈನ ಶಾಸ್ತ್ರುಕ್ಕೆ ಬುಟ್ಕೊಂಡ್ರೆ ಇನ್ನೇನಾದದು? ಅತ್ಗೇಗೆ ಬಡ್ಕೊಂಡೆ, ಕೇಳ್ನಿಲ್ಲ."

"ಮಾತು ನೆಟ್ಗಿರ್ಲಿ ಕಣಮ್ಮ," ಅಪ್ಪ ಎದ್ದು ನಿಂತ. "ಎಣ್ಣೆಗೂ ಗಂಡನ್ ಬುಡಾಕೂ ಏನ್ ಸಂಬಂದ?"

"ಸಂಬಂದ ಇಲ್ದೆ ನಮ್ ಮಗೀನ್ ಮೊಕ ಅಂಗಾಯ್ತಾ?"

ಎಂದವಳೇ ಸೆರಗಿನೊಳಗಿಂದ ಆ ನೀಲಿ ಸೀಸೆ ತೆಗೆದು ನಮ್ಮ ಜಗುಲಿಯ ಕಲ್ಲಿಗೆ ಅಪ್ಪಳಿಸಿದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವರು ಹೋದ ಮೇಲೆ ಅವ್ವ ಚೂರುಗಳನ್ನು ಗುಡಿಸಿ, ಸಗಣಿ ಹಾಕಿ ಸಾರಿಸಿದಳು. ಮದುವೆ ನಡೆಯಿತು. ಮದುಮಗಳ ಮುಖದ ಮೇಲೆ ಸೆರಗು ಇಳಿಬಿಟ್ಟು ತಾಳಿ ಕಟ್ಟಿಸಿದರಂತೆ. ಉಳಿದ ಹನ್ನೊಂದು ಸೀಸೆಗಳನ್ನು ಬೀಗರ ಮಡಿಲಿಗೆ ಇಡಲೇ ಇಲ್ಲವಂತೆ.

ಅತ್ತೆ ಸುಮ್ಮನೆ ಅಳುತ್ತಾ ಕೂರುವವಳಲ್ಲ. ಬಾಣಲೆಯಲ್ಲಿ ಉಳಿದಿದ್ದ ಅದೇ ಎಣ್ಣೆಯನ್ನು ಮಾರನೇ ದಿನವೇ ತನ್ನ ತಲೆಗೆ, ತೋಳಿಗೆ, ಹಣೆಗೆ ಹಚ್ಚಿಕೊಂಡು, ಬೀದಿಗೆ ಕಾಣುವ ಹಾಗೆ ಜಗುಲಿಯ ಮೇಲೆ ಕೂತಳು. ಒಂದು ದಿನವಲ್ಲ, ಎಂಟು ದಿನ. ಒಂದು ಗುಳ್ಳೆಯೂ ಏಳಲಿಲ್ಲ. ಎಣ್ಣೆ ಸರಿಯಾಗಿದೆ ಅಂತ ತೋರಿಸಿದರೆ ಊರು ಒಪ್ಪುತ್ತದೆ ಅಂದುಕೊಂಡಿದ್ದಳು. ಆದರೆ ಊರಿನ ಲೆಕ್ಕ ಬೇರೆ ಇತ್ತು: ಎಣ್ಣೆ ಸರಿಯಾಗಿದೆ ಅಂದ ಮೇಲೆ ಕೆಟ್ಟದ್ದು ಕೈಯೇ ಅಲ್ಲವೆ? ಎಂಟನೆಯ ದಿನ ಸಂಜೆ ಅತ್ತೆ ನನ್ನನ್ನು ಮಾಡಿನೊಳಗೆ ಕರೆದು ಎದುರಿಗೆ ಕೂರಿಸಿಕೊಂಡಳು. ನನ್ನ ನೆಗಡಿ ಅಷ್ಟು ಹೊತ್ತಿಗೆ ವಾಸಿಯಾಗಿತ್ತು. ಅವಳ ಮೈಯ ಗರುಗದ ಸೊಪ್ಪಿನ ವಾಸನೆ ನನಗೆ ಸ್ಪಷ್ಟವಾಗಿ ಬರುತ್ತಿತ್ತು.

"ಬಾಗೀ, ಒಂದ್ ಮಾತ್ ಕೇಳ್ತೀನಿ. ಬಯ್ಯಲ್ಲ, ಒಡ್ಯಲ್ಲ. ಆ ನೀಲಿ ಸೀಸೆ ಸರ್ಯಾಗ್ ಮೂಸಿದ್ಯೇನವ್ವ?"

"ಊಂ," ಎಂದೆ.

"ದೇವ್ರಾಣೆಗೂ?"

"ಊಂ ಅತ್ತೆ."

ಮೊದಲ ಊಂ ಬೇರೆ, ಈ ಊಂ ಬೇರೆ. ಮೊದಲನೆಯದು ಮಕ್ಕಳಾಟಿಕೆ, ಇದು ತಿಳಿದು ಹೇಳಿದ ಸುಳ್ಳು. ಶಿವಣ್ಣನವರ ಮನೆಯವರು ನನ್ನನ್ನು ಹೊಡೆಯುತ್ತಾರೆ, ಗಿರಿಜಕ್ಕ ಸತ್ತರೆ ಪೊಲೀಸಿನವರು ಬರುತ್ತಾರೆ ಅಂತ ಹೆದರಿದ್ದೆ. ಅತ್ತೆ ನನ್ನ ತಲೆ ಸವರಲು ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. ಅಂಗೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದಳು.

"ಎಣ್ಣೆ ಅಲ್ಲ, ಸೀಸೆ ಅಲ್ಲ. ಅಂಗಾದ್ರೆ ಇನ್ನೇನ್ ಉಳೀತು," ಎಂದಳು, ನನಗಲ್ಲ, ತನಗೆ.

ಮಾರನೇ ದಿನ ಉಳಿದ ಸೀಸೆಗಳನ್ನೆಲ್ಲ ಒಡೆದು ತಿಪ್ಪೆಗುಂಡಿಗೆ ಹಾಕಿದಳು. ಬಾಣಲೆಯನ್ನು ಬೋರಲು ಹಾಕಿದಳು. ಅದರ ಮೇಲೆ ಕೋಳಿಗಳು ಕೂರತೊಡಗಿದವು. ಹೊಗೆಸೊಪ್ಪಿನ ಕಾಲ ಬಂದಾಗ ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಎಲೆ ಕಟ್ಟುವ ಕೂಲಿಗೆ ಹೋದಳು; ಆಮೇಲೆ ಮೂವತ್ತು ವರ್ಷ ಆ ಕೆಲಸವನ್ನೇ ಮಾಡಿದಳು. ಬೆರಳಿಗೆ ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾಯಿತು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಊರಿನವರು ಎರಡು ವರ್ಷದಲ್ಲಿ ಆ ಮಾತನ್ನು ಮರೆತರು. ಗಿರಿಜಕ್ಕನ ಕೂದಲು ವರ್ಷದೊಳಗೆ ಮತ್ತೆ ಬಂತು. ಮರೆಯದೆ ಉಳಿದವಳು ಅತ್ತೆ ಒಬ್ಬಳೇ. ಊರು ಹೇಳಿದ್ದನ್ನು ಅವಳು ನಂಬಿಬಿಟ್ಟಳು. ಯಾವ ಹಸುಗೂಸನ್ನೂ ಎತ್ತಿಕೊಳ್ಳಲಿಲ್ಲ. ಯಾವ ಮದುಮಗಳ ಹತ್ತಿರವೂ ಹೋಗಲಿಲ್ಲ. ನಾಟಿಯ ಮೊದಲ ಪೈರನ್ನು ಮುಟ್ಟಲಿಲ್ಲ, ಹೊಸ ಮಡಕೆಗೆ ಮೊದಲ ನೀರು ಹಾಕಲಿಲ್ಲ. 'ನನ್ ಕೈ ಬ್ಯಾಡ ಬುಡ್ರವ್ವ' ಅನ್ನುವುದು ಅವಳ ಬಾಯಿಪಾಠವಾಯಿತು.

ನನ್ನ ಮದುವೆ ನಮ್ಮೂರಿನಲ್ಲೇ ಆಯಿತು. ಶಾಸ್ತ್ರದ ದಿನ ಎಲ್ಲರೂ ಒಬ್ಬೊಬ್ಬರಾಗಿ ನನ್ನ ನೆತ್ತಿಗೆ ಎಣ್ಣೆ ಮುಟ್ಟಿಸಿದರು. ಸೋದರತ್ತೆಯದೇ ಮೊದಲ ಹಕ್ಕು. ಅವ್ವ ಅಡುಗೆ ಕೋಣೆಗೆ ಹೋಗಿ ಕರೆದಳು. ಕೈ ಹಿಡಿದು ಎಳೆದಳು. ದಿನಾ ಜಗಳವಾಡುತ್ತಿದ್ದ ಅವ್ವನೇ ಕಣ್ಣೀರು ಹಾಕಿ ಕರೆದಳು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು.

"ನನ್ ಕೈ ಬ್ಯಾಡ ಕಣವ್ವ. ನೀ ಚೆನ್ನಾಗಿರು. ಇಲ್ಲಿಂದ್ಲೇ ನೋಡ್ತೀನಿ."

ಮಣೆಯ ಮೇಲೆ ಕೂತಿದ್ದ ನಾನು ಆಗ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಸುತ್ತ ಬೀಗರು ಇದ್ದರು. ತಲೆ ತಗ್ಗಿಸಿಕೊಂಡು ಕೂತೆ. ಮದುಮಗಳು ತಲೆ ತಗ್ಗಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನನ್ನ ಮಗಳು ಹುಟ್ಟಿದಾಗ ಅತ್ತೆ ಬಾಣಂತನಕ್ಕೆ ಬಂದು ಮೂರು ತಿಂಗಳಿದ್ದಳು. ಸೌದೆ ಒಡೆದಳು, ನೀರು ಕಾಯಿಸಿದಳು, ನನ್ನ ಬಟ್ಟೆ ಒಗೆದಳು. ಮಗುವಿಗೆ ಎಣ್ಣೆ ತಿಕ್ಕುವ ಹೊತ್ತಿಗೆ ಮಾತ್ರ ನಾಲ್ಕು ಮಾರು ದೂರ ಕೂತು, 'ತೊಡೆ ಸಂದಿಗೆ ಒಸಿ ಹಾಕು, ಕತ್ ಇಡ್ಕೊ' ಅಂತ ಬಾಯಲ್ಲೇ ತಿಕ್ಕಿಸುತ್ತಿದ್ದಳು. ಅವಳ ಬೆರಳುಗಳು ಮೊಣಕಾಲ ಮೇಲೆ ತಾವೇ ಆಡುತ್ತಿದ್ದವು. ಆಗಲೂ ನಾನು ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಕೆ.ಆರ್. ನಗರದಲ್ಲಿ ಒಂದು ಗೃಹಪ್ರವೇಶದಲ್ಲಿ ಗಿರಿಜಕ್ಕ ಸಿಕ್ಕಳು. ತುಂಬಿದ ಮನೆ, ಮೊಮ್ಮಕ್ಕಳು. ನಾನಾಗಿಯೇ ಆ ಎಣ್ಣೆಯ ಮಾತೆತ್ತಿದೆ. 'ಎಣ್ಣೇನಾ? ನಮ್ ಮನೇಲಿ ಅರಿಸಿನದಲ್ಲಿ ಏನೋ ಬೆರಕೆ ಇತ್ತು ಅಂತಿದ್ರು ಕಣೇ' ಅಂದು ನಕ್ಕು, ಪಾಯಸ ಹಾಕಿಸಿಕೊಂಡಳು. ಆ ಸೀಸೆಯಲ್ಲಿ ಏನಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ನನ್ನ ಮೂಗು ಕಟ್ಟಿತ್ತು ಅನ್ನುವುದಷ್ಟೆ.

ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ನಾನು ಸೀಸೆ ಅಲುಗಿಸುತ್ತಿದ್ದರೆ, ಅತ್ತೆ ಸೊಪ್ಪಿನ ಮೇಲಿಂದ ಕಣ್ಣೆತ್ತದೆ ಹೇಳಿದಳು:

"ಕೈ ಇನ್ನೂ ಮರ್ತಿಲ್ಲ ನಿಂಗೆ. ಅದೇ ಏಟು."

"ನೀ ಕಲಿಸಿದ್ದಲ್ವ ಅತ್ತೆ."

"ನಾ ಕಲಿಸಿದ್ರಲ್ಲಿ ಇದೊಂದಾರ ಉಳೀತು."

ಸೀಸೆಯ ತಳದಲ್ಲಿ ಬಿಳಿ ಕಲೆ ಹಾಗೇ ಇತ್ತು. ನೀರು ಚೆಲ್ಲಿ, ಅದನ್ನು ಕಲ್ಲಿನ ಮೇಲಿಟ್ಟೆ. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟೋ ಥರದಲ್ಲಿ ಜೋಡಿಸಿಟ್ಟಿದ್ದ ಮಾತು ಯಾವುದೂ ಬರಲಿಲ್ಲ.

"ಅತ್ತೆ, ಆವತ್ತು ನಂಗೆ ನೆಗಡಿ ಆಗಿತ್ತು," ಎಂದೆ.

"ಯಾವತ್ತು?"

"ಗಿರಿಜಕ್ಕನ ಎಣ್ಣೆ ತುಂಬಿದ ದಿನ. ಮೂಗು ಕಟ್ಟಿತ್ತು. ನಾನು ಯಾವ ಸೀಸೇನೂ ಮೂಸಲಿಲ್ಲ. ಮೂಸಿದೆ, ಆದ್ರೆ ಏನೂ ಗೊತ್ತಾಗ್ತಿರಲಿಲ್ಲ. ಆ ನೀಲಿ ಸೀಸೇಲಿ ಹಳದಿ ಗೆರೆ ಇತ್ತು. ನೋಡಿದ್ದೆ. ಆಮೇಲೆ ನೀ ಕೇಳಿದಾಗ್ಲೂ ಸುಳ್ಳು ಹೇಳಿದೆ."

ಅತ್ತೆಯ ಕೈ ನಿಂತಿತು. ಆಮೇಲೆ ಒಂದು ದಂಟು ತೆಗೆದುಕೊಂಡು, ನಾರು ಎಳೆದು, ಮುರಿದು ತಟ್ಟೆಗೆ ಹಾಕಿದಳು.

"ಅಂಗಾದ್ರೆ ನನ್ ಕೈ ಅಲ್ಲ," ಎಂದಳು.

"ಅಲ್ಲ ಅತ್ತೆ. ಯಾವತ್ತೂ ಅಲ್ಲ."

"ಆಗ ನಿಂಗೆಷ್ಟು ವರ್ಸ?"

"ಹತ್ತು."

"ಅತ್ತು ವರ್ಸದ್ ಮಗು ಎದ್ರುಕತದೆ, ಸುಳ್ಳೇಳ್ತದೆ. ಅದ್ಕೇನೂ ಇಲ್ಲ ಬುಡು." ಇನ್ನೊಂದು ದಂಟು ಮುರಿದಳು. "ನಿನ್ ಮದ್ವೇಲಿ ನಿಂಗೆಷ್ಟು?"

ಸೀಸೆಯನ್ನು ಕಲ್ಲಿನ ಮೇಲೆ ಒಂದು ಸುತ್ತು ತಿರುಗಿಸಿದೆ. ಅವಳು ಕಾದಳು.

"ಇಪ್ಪತ್ಮೂರು."

"ಊಂ. ಮಗು ಉಟ್ಟಾಗ?"

"ಇಪ್ಪತ್ತೈದು."

"ಈಗ?"

"ಐವತ್ತೆರಡು, ಅತ್ತೆ."

"ಊಂ," ಎಂದಳು. ಸೊಪ್ಪಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ಗೋಡೆ ಹಿಡಿದು ಎದ್ದಳು. ನಾನು ಹಿಡಿದುಕೊಳ್ಳಲು ಕೈ ಚಾಚಿದರೆ ತೋಳನ್ನು ಒಂದಿಷ್ಟು ಆ ಕಡೆಗೆ ಸರಿಸಿಕೊಂಡಳು. ಸಿಟ್ಟಿನಿಂದ ಕೊಸರಲಿಲ್ಲ, ಬಿಸಿ ಪಾತ್ರೆಯ ಪಕ್ಕ ದಾಟುವವರು ಸರಿಸಿಕೊಳ್ಳುತ್ತಾರಲ್ಲ ಹಾಗೆ. ಬಯ್ದಿದ್ದರೆ ಬಯ್ಸಿಕೊಳ್ಳಬಹುದಿತ್ತು. ಅತ್ತಿದ್ದರೆ ಕಾಲು ಹಿಡಿಯಬಹುದಿತ್ತು. ಬರಿಯ ವಯಸ್ಸು ಕೇಳಿದಳು. ಒಂದೊಂದು ವಯಸ್ಸೂ ನಾನು ಹೇಳಬಹುದಾಗಿದ್ದ, ಹೇಳದೆ ಬಿಟ್ಟ ಒಂದೊಂದು ದಿನ. ಹತ್ತು ವರ್ಷದವಳನ್ನು ಅವಳು ಅಲ್ಲೇ ಕ್ಷಮಿಸಿದಳು. ಉಳಿದ ವಯಸ್ಸಿನವರನ್ನು ಒಬ್ಬೊಬ್ಬರಾಗಿ ಕರೆದು, ಸುಮ್ಮನೆ ನಿಲ್ಲಿಸಿ ಹೋದಳು.

ಮಧ್ಯಾಹ್ನ ರಾಗಿ ಮುದ್ದೆ, ದಂಟಿನ ಸೊಪ್ಪು ಅಲಸಂದೆ ಕಾಳಿನ ಬಸ್ಸಾರು, ಅದೇ ಸೊಪ್ಪಿನ ಪಲ್ಯ, ಮಜ್ಜಿಗೆ. ನಮ್ಮ ಮನೆಯವರು ಎರಡು ಮುದ್ದೆ ಉಂಡು, ಇವತ್ತು ಸಾರು ಚೆನ್ನಾಗಿದೆ, ಯಾಕೆ ಇಬ್ಬರೂ ಮೌನವ್ರತ ಹಿಡಿದಿದ್ದೀರಿ ಅಂದರು. ಅತ್ತೆ ಒಂದು ಮುದ್ದೆ ಪೂರ್ತಿ ಉಂಡಳು. ಸಾರು ಬೇಕಾದಾಗ ನನ್ನನ್ನು ಕೇಳದೆ, ಕುಳಿತಲ್ಲಿಂದಲೇ ಬಗ್ಗಿ ತಾನೇ ಬಡಿಸಿಕೊಂಡಳು. ನಾನು ಅರ್ಧ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ನುಂಗಿದೆ. ಊಟವಾದ ಮೇಲೆ ಮೂವರೂ ನಡುಮನೆಯಲ್ಲಿ ಅಡ್ಡಾಗುವುದು ಭಾನುವಾರದ ರೂಢಿ. ಚಾಪೆಯ ಮೇಲೆ ಕೂತ ಅತ್ತೆ ಕೇಳಿದಳು:

"ಬಾಗ್ಲು ಹಾಕಿದ್ಯಾ?"

"ಹಾಕಿದ್ದೀನಿ ಅತ್ತೆ."

ಹಾಗಂದರೂ ಅವಳು ಮತ್ತೆ ಎದ್ದಳು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲವರೆಗೆ ಹೋಗಿ, ಚಿಲಕವನ್ನು ಕೈಯಿಂದ ಮುಟ್ಟಿ ನೋಡಿ, ಬಂದು ಮಲಗಿದಳು. ಮೊದಲು ನಿದ್ದೆ ಹೋದವಳು ಅತ್ತೆಯೇ. ಆಮೇಲೆ ನಮ್ಮ ಮನೆಯವರು.